ದುರ್ಗದ ಕೋಟೇಲಿ ನೀರಿನ ಜಾಡು ಹಿಡಿದು ಇಳಿಯೋದು ಹೇಗೆ

ಚಿತ್ರದುರ್ಗದ ಕೋಟೆಗೆ ಬರೋರು ಬಾಗಿಲು, ಬುರುಜು, ಓಬವ್ವನ ಕಿಂಡಿ ನೋಡಿ ಫೋಟೋ ಹೊಡ್ಕೊಂಡು ಹೋಗ್ತಾರೆ, ಆದ್ರೆ ಈ ಏಳು ಸುತ್ತಿನ ಕೋಟೆ ಒಳಗೆ ಅಷ್ಟು ಜನ, ದನ, ಕುದುರೆ ಯಾವ ನೀರು ಕುಡ್ಕೊಂಡಿದ್ರು ಅಂತ ಕೇಳೋರು ಕಮ್ಮಿ. ಇದು ಬಯಲುಸೀಮೆ, ಮಳೆ ಅಷ್ಟಕ್ಕಷ್ಟೇ, ಬೆಟ್ಟದ ಮೇಲೆ ಹೊಳೆಯಂತೂ ಇಲ್ಲ. ಹಂಗಾಗಿ ಒಂದ್ಸಲ ನೀರು ಇಳಿಯೋ ದಾರೀಲೇ ಕೋಟೆ ನೋಡ್ರಿ.

ಒಳ್ಳೆ ಟೈಮು ಅಂದ್ರೆ ಸೆಪ್ಟೆಂಬರ್, ಅಕ್ಟೋಬರ್, ಜೋರು ಮಳೆ ಆಗಿ ಬಿಸಿಲು ಬಿದ್ದ ಮೇಲೆ. ಬಂಡೆ ಒದ್ದೆ ಇದ್ದಾಗ ಮಾತ್ರ ಹತ್ತಬೇಡ್ರಿ, ಜಾರುತ್ತೆ.

ಮೊದ್ಲು ಎಲ್ಲೂ ನಿಲ್ಲದೆ ಮೇಲೆ ಗೋಪಾಲಸ್ವಾಮಿ ಹೊಂಡಕ್ಕೆ ಹೋಗಿಬಿಡ್ರಿ. ಹೊಂಡಕ್ಕಿಂತ ಮುಂಚೆ ಅದರ ಸುತ್ತಲಿನ ಬಂಡೆ ನೋಡ್ಬೇಕು. ಇಂಥ ಕಲ್ಲು ನೀರು ಹೀರಲ್ಲ, ಬಿದ್ದಿದ್ದೆಲ್ಲ ಜಾರಿ ಕೆಳಗೆ ಬರುತ್ತೆ, ಅಂದ್ರೆ ಗುಡ್ಡದ ಮೈಯೇ ಹೊಂಡದ ಕ್ಯಾಚ್‌ಮೆಂಟ್, ಮಳೆನೀರು ಹಿಡಿದುಕೊಡೋ ಜಾಗ. ಬಂಡೆ ಮೇಲಿಂದ ಕೆಳಗೆ ಉದ್ದುದ್ದ ಕಪ್ಪು ಪಟ್ಟೆ ಕಾಣ್ತವಲ್ಲ, ವರ್ಷಾನುಗಟ್ಟಲೆ ಮಳೆನೀರು ಅಲ್ಲೇ ಹರಿದು ಪಾಚಿ ಕಟ್ಟಿ ಒಣಗಿದ ಗುರುತದು. ಡೌಟಿದ್ರೆ ಬಾಟ್ಲಿಯಿಂದ ಒಂದು ಗುಟುಕು ನೀರು ಸುರಿದು ನೋಡ್ರಿ, ಎತ್ತ ಓಡುತ್ತೆ ಅಂತ ಕಣ್ಣಿಗೇ ಕಾಣುತ್ತೆ.

ಆಮೇಲೆ ಕೋಡಿ ಹುಡುಕ್ರಿ. ಇಡೀ ವ್ಯವಸ್ಥೆಯ ಜೀವ ಇರೋದು ಅಲ್ಲಿ. ಗೋಪಾಲಸ್ವಾಮಿ ಹೊಂಡ ತುಂಬಿ ಕೋಡಿ ಬಿದ್ರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತೆ, ಅದೂ ತುಂಬಿದ್ರೆ ಕೆಳಗೆ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡದ ಕಡೆಗೆ. ಹೂಳೆಲ್ಲ ಮೇಲಿನ ಹೊಂಡದಲ್ಲೇ ತಳ ಹಿಡಿಯುತ್ತೆ, ಕೆಳಗಿನದಕ್ಕೆ ತಿಳಿನೀರು ಬರುತ್ತೆ. ಮೋಟರ್ ಇಲ್ಲ, ಕರೆಂಟ್ ಇಲ್ಲ, ಬರೀ ಇಳಿಜಾರು. ಪಾಳೇಗಾರರ ಕಾಲದ ಆ ಕೆಲಸಗಾರರಿಗೆ ನಿಜವಾಗ್ಲೂ ಕೈ ಮುಗೀಬೇಕು.

ಇಳಿಯೋವಾಗ ತಣ್ಣೀರು ದೋಣಿ ಅನ್ನೋ ನೀರಿನ ತಾಣ ಮಿಸ್ ಮಾಡ್ಬೇಡ್ರಿ, ಚಿಕ್ಕದು, ಆದ್ರೆ ವರ್ಷಪೂರ್ತಿ ತಂಪು ನೀರು. ಓಬವ್ವ ಗಂಡನಿಗೆ ಊಟಕ್ಕಿಟ್ಟು ನೀರು ತರೋಕೆ ಹೋದಾಗಲೇ ಅಲ್ವಾ ಹೈದರಾಲಿ ಸೈನಿಕರು ಕಿಂಡೀಲಿ ನುಸುಳೋದು ಕಂಡಿದ್ದು. ಕಿಂಡಿಯಿಂದ ದೋಣಿ ಎಷ್ಟು ಹತ್ರ ಅಂತ ನಡೆದು ನೋಡಿದ್ರೆ ಆ ಕತೆ ಬೇರೆ ಥರಾನೇ ಅರ್ಥ ಆಗುತ್ತೆ.

ಇನ್ನು ಊರೊಳಗೆ. ಈಗ ನಮ್ಮ ನಲ್ಲಿಗೆ ನೀರು ಬರೋದು ಶಾಂತಿಸಾಗರ, ವಾಣಿವಿಲಾಸ ಸಾಗರದಿಂದ ಪಂಪ್ ಆಗಿ. ವಾಣಿವಿಲಾಸ 1907ರಲ್ಲಿ ಮುಗಿದ ಡ್ಯಾಮು, 1933ರಲ್ಲಿ ಕೋಡಿ ಬಿದ್ದಿದ್ದು ಮತ್ತೆ ಬಿದ್ದಿದ್ದು 2022ರಲ್ಲಿ. ದೂರದಿಂದ ನೀರೇನೋ ತಂದ್ವಿ, ಬಳಸಿದ ನೀರು ಎಲ್ಲಿಗೆ ಹೋಗುತ್ತೆ ಅನ್ನೋದೇ ಕಷ್ಟದ ಪ್ರಶ್ನೆ. ಲಂಡನ್ನಿನಲ್ಲೂ 1858ರ ಬೇಸಿಗೇಲಿ ಥೇಮ್ಸ್ ನದಿ ನಾತಕ್ಕೆ ಪಾರ್ಲಿಮೆಂಟಿನೋರೇ ಮೂಗು ಮುಚ್ಕೊಂಡ ಮೇಲೆ ಬೇಜಲ್‌ಗೆಟ್ ಅನ್ನೋ ಇಂಜಿನಿಯರ್ ನದಿಗೆ ಬೀಳ್ತಿದ್ದ ಕೊಳಚೇನ ಅಡ್ಡ ಹಿಡಿದು, ಮೈಲಿಗೆ ಎರಡಡಿಯಷ್ಟು ಇಳಿಜಾರು ಕೊಟ್ಟ ದೊಡ್ಡ ಚರಂಡಿಗಳಲ್ಲಿ ಊರಾಚೆಗೆ ಸಾಗಿಸಿದ. ಅಲ್ಲೂ ಇಳಿಜಾರಿನದೇ ಲೆಕ್ಕ.

ಅದಕ್ಕೇ ಮನೆಗಳ ಬಚ್ಚಲುನೀರು ಮಳೆನೀರಿನ ಚರಂಡಿಗೆ ಸೇರ್ತಿದೆಯಾ ಅಂತ ನೋಡೋಕೆ ಸಂತೆ ಹೊಂಡದ ಸುತ್ತ ಒಂದು ರೌಂಡ್ ಹಾಕ್ರಿ, ಆದ್ರೆ ಮಳೆ ಇಲ್ಲದ ದಿನ, ಬೆಳಗ್ಗೆ ಏಳೆಂಟು ಗಂಟೆಗೆ, ಮನೆಗಳಲ್ಲಿ ಸ್ನಾನ, ಪಾತ್ರೆ ನಡೆಯೋ ಹೊತ್ತಿಗೆ. ಮಳೆನೀರಿನ ಚರಂಡಿ ಆಗ ಒಣಗಿರ್ಬೇಕು. ಬೂದು ಬಣ್ಣದ ನೀರು, ಸೋಪಿನ ನೊರೆ, ಅನ್ನದ ಅಗುಳು ತೇಲ್ತಿದ್ರೆ ಯಾರದೋ ಬಚ್ಚಲು ಅದಕ್ಕೆ ಸೇರಿದೆ ಅಂತ ಲೆಕ್ಕ. ಹಂಗೇ ಮೇಲಕ್ಕೆ ನಡೀತಾ ಹೋಗಿ, ಎಲ್ಲಿಂದ ಮೇಲೆ ಚರಂಡಿ ಒಣಗಿದೆ ನೋಡ್ರಿ, ನೀರು ಸೇರೋ ಜಾಗ ಅದರ ಕೆಳಗೇ ಇರುತ್ತೆ. ಫೋಟೋ, ಬೀದಿ ಹೆಸರು, ಹತ್ತಿರದ ಯುಜಿಡಿ (ಒಳಚರಂಡಿ) ಚೇಂಬರ್ ಎಲ್ಲಿದೆ ಅನ್ನೋದು, ಮೂರನ್ನೂ ಬರೆದು ನಗರಸಭೆಗೆ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳ್ರಿ. "ಚರಂಡಿ ವಾಸನೆ" ಅಂತ ಬರೀಬೇಡ್ರಿ, ಬ್ಲೀಚಿಂಗ್ ಪೌಡರ್ ಹಾಕಿ ಹೋಗ್ತಾರೆ, "ಈ ಪೈಪನ್ನ ಈ ಚೇಂಬರಿಗೆ ಸೇರಿಸಿ" ಅಂತ ಬರೀರಿ.