ಹೊಲಿಗೆಯ ನೆಪದಲ್ಲಿ ಖಿನ್ನತೆಯ ಮಾತು

ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆ ಕಾಸರಗೋಡಿನ ಬದಿಯಡ್ಕ, ಕುಂಬಳೆ ಕಡೆಯ ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘ) ಘಟಕಗಳು ಏನಾದರೂ ಮಾಡಬೇಕೆಂದಿದ್ದರೆ, ಭಾಷಣಕ್ಕಿಂತ ಎಲ್ಲರೂ ಸೇರಿ ಒಂದು ಹೊದಿಕೆ ಹೊಲಿಯುವುದು ಮೇಲು. ಹಳೆಯ ಹತ್ತಿ ಸೀರೆಗಳಿಂದ 9 ಇಂಚಿನ ಚೌಕಗಳನ್ನು, ಹೊಲಿಗೆಗೆಂದು ಸುತ್ತಲೂ ಅರ್ಧ ಇಂಚು ಹೆಚ್ಚು ಬಿಟ್ಟು ಕತ್ತರಿಸಿ, ಒಬ್ಬರಿಗೊಂದರಂತೆ ಹಂಚಿರಿ. 36 ಚೌಕಗಳಾದರೆ ನಾಲ್ಕೂವರೆ ಅಡಿಯ ಹೊದಿಕೆಯಾಗುತ್ತದೆ. ತಮ್ಮ ಮನಸ್ಸು ಕುಗ್ಗಿದ ದಿನದ ಬಣ್ಣವನ್ನೋ ಚಿತ್ರವನ್ನೋ ಅವರವರು ಕಸೂತಿಯಲ್ಲಿ ಮೂಡಿಸಲಿ, ಹೆಸರು ಬೇಡ.

ಎದುರಿನವರ ಮುಖ ನೋಡುತ್ತಾ ಹೇಳಲಾಗದ್ದು ಸೂಜಿಯ ಮೇಲೆ ಕಣ್ಣಿಟ್ಟಾಗ ಸುಲಭವಾಗಿ ಬಾಯಿಗೆ ಬರುತ್ತದೆ. ಆ ಹೊತ್ತಿಗೆ ಆಶಾ ಕಾರ್ಯಕರ್ತೆಯೊಬ್ಬರು ಜೊತೆಗಿದ್ದು, ಎರಡು ವಾರಕ್ಕೂ ಮೀರಿ ಬೇಸರ, ನಿರಾಸಕ್ತಿ, ನಿದ್ರೆ ಅಥವಾ ಹಸಿವಿನ ಏರುಪೇರು ಉಳಿದರೆ ಅದು ಸೋಮಾರಿತನವಲ್ಲ, ಖಿನ್ನತೆಯೆಂಬ ಚಿಕಿತ್ಸೆಯಿರುವ ಕಾಯಿಲೆಯಾಗಿರಬಹುದು ಎಂಬುದನ್ನು ತಿಳಿಸಬೇಕು. ಯಾರನ್ನೂ ಮಾತಿಗೆ ಒತ್ತಾಯಿಸಬಾರದು. ಅಲ್ಲಿ ಕೇಳಿದ್ದು ಅಲ್ಲಿಯೇ ಉಳಿಯಬೇಕು. ದಯವಿಟ್ಟು ಸ್ಪರ್ಧೆ, ಬಹುಮಾನ ಇಡಬೇಡಿ (ನಮ್ಮೂರುಗಳಲ್ಲಿ ಬಹುಮಾನವಿಲ್ಲದೆ ಕಾರ್ಯಕ್ರಮವೇ ಇಲ್ಲವೆಂಬುದು ಬೇರೆ ಮಾತು). ಸ್ಪರ್ಧೆಯಿಟ್ಟರೆ ಅಂದದ ಹೊಲಿಗೆ ಬಾರದವರು ಹಿಂದೆ ಸರಿಯುತ್ತಾರೆ.

ಹೊಲಿಗೆಯೇ ಚಿಕಿತ್ಸೆಯಲ್ಲ. ಆದ್ದರಿಂದ ಹೊದಿಕೆಯನ್ನು ಗ್ರಂಥಾಲಯದಲ್ಲಿ ತೂಗುಹಾಕುವಾಗ, ದಿನದ 24 ಗಂಟೆಯೂ ಉಚಿತವಾಗಿ ದೊರೆಯುವ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416ನ್ನು ಕನ್ನಡ, ಮಲಯಾಳ ಎರಡರಲ್ಲೂ ದೊಡ್ಡದಾಗಿ ಬರೆದು ಪಕ್ಕದಲ್ಲಿ ಅಂಟಿಸಿರಿ.