ನನ್ನ ಅನುಭವ: ದಿನಾ ಬೆಳಿಗ್ಗೆ ಅದೇ ಹಳೇ ತಾರೀಖಿನ ರಿಪೋರ್ಟ್

ಮಂಡ್ಯ ಜಿಲ್ಲೆಯ ಹಾಲು ಸಂಗ್ರಹದ ರಿಪೋರ್ಟ್. ಎಸ್‌ಕ್ಯೂಎಲ್ ಸರ್ವರ್ ರಿಪೋರ್ಟಿಂಗ್ ಸರ್ವೀಸಸ್‌ನಿಂದ (ಡೇಟಾಬೇಸ್‌ನಿಂದ ರಿಪೋರ್ಟ್ ತಯಾರಿಸಿ ಕಳಿಸುವ ಮೈಕ್ರೋಸಾಫ್ಟ್ ಸಾಫ್ಟ್‌ವೇರ್) ಬೆಳಿಗ್ಗೆ 6ಕ್ಕೆ ಸರಿಯಾಗಿ ಮೇಲ್ ಹೋಗುತ್ತಿತ್ತು. ಒಳಗಿನ ತಾರೀಖು ಮಾತ್ರ ಸಬ್‌ಸ್ಕ್ರಿಪ್ಷನ್ (ನಿಗದಿತ ಸಮಯಕ್ಕೆ ರಿಪೋರ್ಟ್ ತಾನಾಗಿ ಹೋಗುವ ಏರ್ಪಾಡು) ಮಾಡಿದ ದಿನದ್ದೇ.

ಕಾರಣ ಇಷ್ಟೇ: ಸಬ್‌ಸ್ಕ್ರಿಪ್ಷನ್‌ನಲ್ಲಿ ಕೈಯಾರೆ ತುಂಬಿದ ಮೌಲ್ಯ ಹಾಗೇ ಉಳಿದುಬಿಡುತ್ತದೆ. ತಾರೀಖಿನ ಪ್ಯಾರಾಮೀಟರ್‌ಗೆ (ರಿಪೋರ್ಟ್ ಓಡುವಾಗ ಅದಕ್ಕೆ ಕೊಡುವ ಮೌಲ್ಯ) ಡಿಫಾಲ್ಟ್ ಆಗಿ 'ಇಂದಿಗಿಂತ ಒಂದು ದಿನ ಹಿಂದೆ' ಎಂಬ ಎಕ್ಸ್‌ಪ್ರೆಷನ್ ಕೊಟ್ಟು, ಸಬ್‌ಸ್ಕ್ರಿಪ್ಷನ್‌ನಲ್ಲಿ ಡಿಫಾಲ್ಟ್ ಬಳಸು ಎಂದು ಆರಿಸಬೇಕು. ಆಗ ಪ್ರತಿ ಸಲ ರಿಪೋರ್ಟ್ ಓಡುವಾಗ ಹೊಸದಾಗಿ ಲೆಕ್ಕ ಆಗುತ್ತದೆ.

ಅಷ್ಟು ಮಾಡಿದರೂ ಬದಲಾಗಲಿಲ್ಲ! ರಿಪೋರ್ಟನ್ನು ಮತ್ತೆ ಡಿಪ್ಲಾಯ್ ಮಾಡಿದರೂ (ಸರ್ವರ್‌ಗೆ ಏರಿಸಿದರೂ) ಸರ್ವರ್‌ನಲ್ಲಿ ಮೊದಲೇ ಇರುವ ಪ್ಯಾರಾಮೀಟರ್ ಡಿಫಾಲ್ಟ್ ಅಳಿಯುವುದಿಲ್ಲ. ರಿಪೋರ್ಟ್ ಅಳಿಸಿ ಮತ್ತೆ ಡಿಪ್ಲಾಯ್ ಮಾಡಿದರೆ ಹೊಸದು ಬರುತ್ತದೆ, ಆದರೆ ಸಬ್‌ಸ್ಕ್ರಿಪ್ಷನ್‌ಗಳೂ ಅದರ ಜೊತೆಗೇ ಹೋಗುತ್ತವೆ. ಅಳಿಸುವ ಮುನ್ನ ಬರೆದಿಟ್ಟುಕೊಳ್ಳಿ.

ಮದ್ದೂರು, ಮಳವಳ್ಳಿ, ಪಾಂಡವಪುರಕ್ಕೆ ಬೇರೆಬೇರೆ ಮೇಲ್ ಹೋಗಬೇಕಾದರೆ ಡೇಟಾ-ಡ್ರಿವನ್ ಸಬ್‌ಸ್ಕ್ರಿಪ್ಷನ್ ಸರಿ: ಕ್ವೆರಿಯ ಒಂದೊಂದು ಸಾಲಿಗೆ ಒಂದೊಂದು ಮೇಲ್. ಆದರೆ ಸ್ಟ್ಯಾಂಡರ್ಡ್ ಆವೃತ್ತಿಯಲ್ಲಿ ಅದಿಲ್ಲ, ಎಂಟರ್‌ಪ್ರೈಸ್ ಬೇಕು. ಇಲ್ಲದಿದ್ದರೆ ತಾಲ್ಲೂಕಿಗೊಂದು ಮಾಮೂಲಿ ಸಬ್‌ಸ್ಕ್ರಿಪ್ಷನ್ ಮಾಡಿ, ತಾಲ್ಲೂಕು ಮಾತ್ರ ಕೈಯಾರೆ ತುಂಬಿ. ಮೂರು ತಾಲ್ಲೂಕಿಗೆ ಅದೇನು ದೊಡ್ಡ ಕೆಲಸವಲ್ಲ.

ಒಂದೇ ಮೇಲ್‌ನಲ್ಲಿ ಹಲವು ತಾಲ್ಲೂಕು ಬೇಕಿದ್ದರೆ '11,12,14' ಎಂಬಂತೆ ಕೋಡ್‌ಗಳನ್ನು ಒಂದೇ ಪಠ್ಯ ಪ್ಯಾರಾಮೀಟರ್ ಆಗಿ ಕಳಿಸಿ, ಪ್ರೊಸೀಜರ್ (ಡೇಟಾಬೇಸ್‌ನಲ್ಲಿ ಉಳಿಸಿಟ್ಟ ಕೋಡ್) ಒಳಗೆ ಸ್ಟ್ರಿಂಗ್_ಸ್ಪ್ಲಿಟ್‌ನಿಂದ ಒಡೆಯಿರಿ (ಎಸ್‌ಕ್ಯೂಎಲ್ ಸರ್ವರ್ 2016ರಿಂದ ಇದೆ, ಡೇಟಾಬೇಸ್‌ನ ಕಂಪ್ಯಾಟಿಬಿಲಿಟಿ ಲೆವೆಲ್ ಕನಿಷ್ಠ 130 ಇರಬೇಕು). ಕಾಮಾದ ನಂತರ ಒಂದು ಖಾಲಿ ಜಾಗ ನುಸುಳಿದರೂ ಪಠ್ಯ ಕೋಡ್ ಹೊಂದುವುದಿಲ್ಲ. ಆ ತಾಲ್ಲೂಕು ಸದ್ದಿಲ್ಲದೆ ಮಾಯ, ಎರರ್ ಕೂಡ ಬರದು. ಮುಂದಿನ ಖಾಲಿ ಜಾಗ ತೆಗೆಯುವ ಎಲ್‌ಟ್ರಿಮ್ ಹಾಕಿ.