ಎಕ್ಸ್-ಪ್ಲೇನ್ ಕ್ರ್ಯಾಶ್ ಆದಾಗ ನಾನು ಹುಡುಕುವ ದಾರಿ

ಫ್ಲೈಟ್ ಸಿಮ್ಯುಲೇಟರ್ (ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ತಂತ್ರಾಂಶ) ಹಾರಾಟದ ನಡುವೆ ಮುಚ್ಚಿಹೋದರೆ ಹೆಚ್ಚಿನವರು ಗ್ರಾಫಿಕ್ಸ್ ಸೆಟ್ಟಿಂಗ್‌ಗಳನ್ನೆಲ್ಲ ಒಂದೇ ಏಟಿಗೆ ಕೆಳಗಿಳಿಸುತ್ತಾರೆ. ಚಿತ್ರ ಮಂಕಾಗುತ್ತದೆ, ಕ್ರ್ಯಾಶ್, ಅಂದರೆ ಹೀಗೆ ಮುಚ್ಚಿಹೋಗುವುದು, ಮಾತ್ರ ಹಾಗೆಯೇ ಉಳಿಯುತ್ತದೆ. ತಡವರಿಸುತ್ತ ಓಡುವುದು ಬೇರೆ ತೊಂದರೆ, ಏಕಾಏಕಿ ಮುಚ್ಚಿಹೋಗುವುದು ಬೇರೆ ತೊಂದರೆ. ಎರಡನ್ನೂ ಒಟ್ಟಿಗೆ ಬಗೆಹರಿಸಲು ಹೊರಟರೆ ಯಾವುದೂ ಕೈಗೆ ಸಿಗುವುದಿಲ್ಲ. ನಾನು ಮೊದಲು ಕ್ರ್ಯಾಶ್ ಹಿಡಿಯುತ್ತೇನೆ, ಅದು ನಿಂತ ಮೇಲೆ ಸೆಟ್ಟಿಂಗ್‌ಗಳಿಗೆ ಕೈ ಹಾಕುತ್ತೇನೆ.

ನಾನು ಹಾರಿಸುವುದು ವಿಂಡೋಸ್‌ನಲ್ಲಿ ಎಕ್ಸ್-ಪ್ಲೇನ್ 12. ಇದು ಕ್ರ್ಯಾಶ್ ಆದರೆ ತಕ್ಷಣ ಮತ್ತೆ ತೆರೆಯಬೇಡಿ. ಎಕ್ಸ್-ಪ್ಲೇನ್‌ನ ಮುಖ್ಯ ಫೋಲ್ಡರಿನಲ್ಲೇ 'ಲಾಗ್' ಎಂಬ ಹೆಸರಿನ ಪಠ್ಯ ಕಡತವೊಂದಿರುತ್ತದೆ. ಸಿಮ್ಯುಲೇಟರ್ ಪ್ರತಿ ಸಲ ಶುರುವಾದಾಗಲೂ ಹಳೆಯ ಲಾಗ್ ಅಳಿದು ಹೊಸದು ಆರಂಭವಾಗುತ್ತದೆ. ಅಂದರೆ ಆತುರದಲ್ಲಿ ಮತ್ತೆ ತೆರೆದರೆ ಇದ್ದ ಸಾಕ್ಷಿಯೂ ಕೈತಪ್ಪಬಹುದು. ನಾನು ಮೊದಲು ಆ ಕಡತವನ್ನು ಬೇರೆಡೆಗೆ ನಕಲಿಸಿ, ಆಮೇಲೆ ಅದನ್ನು ಕೊನೆಯಿಂದ ಮೇಲಕ್ಕೆ ಓದುತ್ತೇನೆ. ಅಪ್ಲಿಕೇಶನ್ ಕ್ರ್ಯಾಶ್ ಆಗಿದೆ ಎಂಬ ಸಾಲು ಕಟ್ಟಕಡೆಗೆ ಇರುತ್ತದೆ. ಅದೃಷ್ಟವಿದ್ದರೆ ಯಾವ ಪ್ಲಗಿನ್‌ನಿಂದ (ಸಿಮ್ಯುಲೇಟರ್‌ಗೆ ಹೊರಗಿನಿಂದ ಸೇರಿಸುವ ಪುಟ್ಟ ತಂತ್ರಾಂಶ) ಎಂಬುದೂ ಅದೇ ಸಾಲಿನಲ್ಲಿರುತ್ತದೆ.

ನನ್ನ ಲಾಗ್‌ನಲ್ಲಿ ಹೆಸರು ಸಿಕ್ಕಿತ್ತು. ಉಚಿತವಾಗಿ ಸಿಕ್ಕಿದ್ದ, ನಾನು ಹಾಕಿಕೊಂಡು ಬಹುತೇಕ ಮರೆತೇ ಬಿಟ್ಟಿದ್ದ ಒಂದು ಪ್ಲಗಿನ್ ಅದು. 'ರಿಸೋರ್ಸಸ್' ಒಳಗಿನ 'ಪ್ಲಗಿನ್ಸ್' ಫೋಲ್ಡರಿನಿಂದ ಅದನ್ನು ಎತ್ತಿ ಡೆಸ್ಕ್‌ಟಾಪ್‌ನಲ್ಲಿಟ್ಟೆ. ಆದರೂ ಲಾಗ್‌ನಲ್ಲಿ ಅದರ ಹೆಸರು ಮತ್ತೆ ಬಂತು. ಕಾರಣ, ಕೆಲವು ವಿಮಾನಗಳು ತಮ್ಮದೇ ಫೋಲ್ಡರಿನೊಳಗೆ ಬೇರೆ ಪ್ಲಗಿನ್‌ಗಳನ್ನು ಇಟ್ಟುಕೊಂಡಿರುತ್ತವೆ. ಅಲ್ಲಿ ಅದರ ಇನ್ನೊಂದು ಪ್ರತಿ ಕುಳಿತಿತ್ತು. ಹಾಗಾಗಿ ಎರಡೂ ಕಡೆ ಹುಡುಕಿ. ಹೊರಗಿಟ್ಟ ಮೇಲೆ ಅದೇ ವಿಮಾನ, ಅದೇ ನಿಲ್ದಾಣ, ಅದೇ ಹವಾಮಾನದಲ್ಲಿ ಹಾರಿಸಿ ನೋಡುವುದು ಮುಖ್ಯ. ಪರಿಸ್ಥಿತಿಯೂ ಬದಲಾದರೆ ಏನೂ ಸಾಬೀತಾಗುವುದಿಲ್ಲ.

ಅದು ಹೋದ ಮೇಲೂ ಇನ್ನೊಂದು ಬಗೆಯ ಕ್ರ್ಯಾಶ್ ಉಳಿಯಿತು. ಒಮ್ಮೆ ನಿಲ್ದಾಣ ತೆರೆದುಕೊಳ್ಳುವಾಗ, ಒಮ್ಮೆ ಮೂವತ್ತು ಸಾವಿರ ಅಡಿಯಲ್ಲಿ ಸುಮ್ಮನೆ ಸಾಗುವಾಗ. ಲಾಗ್‌ನಲ್ಲಿ ಯಾರ ಹೆಸರೂ ಇಲ್ಲ. ಜಾಗ ಹೀಗೆ ಬದಲಾಗುತ್ತಿದ್ದರೆ ನನ್ನ ಅನುಮಾನ ಯಂತ್ರಾಂಶದ ಕಡೆಗೆ ತಿರುಗುತ್ತದೆ. ವಿಂಡೋಸ್‌ನ ರಿಲಯಬಿಲಿಟಿ ಮಾನಿಟರ್ (ಯಾವ ತಂತ್ರಾಂಶ ಯಾವಾಗ ಬಿತ್ತು ಎಂದು ತೋರಿಸುವ ಪಟ್ಟಿ) ತೆರೆದು ನೋಡಿದಾಗ ಬ್ರೌಸರ್ ಕೂಡ ಆಗಾಗ ಕಾರಣವಿಲ್ಲದೆ ಬಿದ್ದಿರುವುದು ಕಂಡಿತು. ಅಲ್ಲಿಗೆ ಸಿಮ್ಯುಲೇಟರ್ ಮೇಲಿನ ಆರೋಪ ಬಿದ್ದುಹೋಯಿತು. ಕಂಪ್ಯೂಟರಿನ ನೆನಪನ್ನು (ರ‍್ಯಾಮ್) ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಲು ಬಿಟ್ಟೆ. ಬೆಳಿಗ್ಗೆ ಪರದೆಯ ಮೇಲೆ ದೋಷ ತೋರಿಸುವ ಕೆಂಪು ಸಾಲುಗಳು.

ಕಂಪ್ಯೂಟರ್ ಜೋಡಿಸಿಕೊಟ್ಟ ಅಂಗಡಿಯವರು ಬಯೋಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಿರುವ ಜಾಗ) ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಚಾಲೂ ಮಾಡಿಕೊಟ್ಟಿದ್ದರು. ರ‍್ಯಾಮ್ ಪೊಟ್ಟಣದ ಮೇಲೆ ಬರೆದಿರುವ ವೇಗ, ನನ್ನದರಲ್ಲಿ 3200, ಈ ಎಕ್ಸ್‌ಎಂಪಿಯಿಂದಲೇ ಬರುವಂಥದ್ದು. ಅದು ಓವರ್‌ಕ್ಲಾಕ್ (ಮಾಮೂಲಿ ವೇಗ ಮೀರಿ ಓಡಿಸುವ) ಲೆಕ್ಕವೇ, ಎಲ್ಲ ಮದರ್‌ಬೋರ್ಡ್‌ನಲ್ಲೂ ಅಲುಗಾಡದೆ ನಿಲ್ಲುತ್ತದೆಂಬ ಖಾತರಿಯಿಲ್ಲ. ಅದನ್ನು ಬಂದ್ ಮಾಡಿದಾಗ ವೇಗ 2133ಕ್ಕೆ ಇಳಿಯಿತು, ಮೆಮ್‌ಟೆಸ್ಟ್ ಶುದ್ಧವಾಗಿ ಮುಗಿಯಿತು, ಕ್ರ್ಯಾಶ್ ನಿಂತಿತು. ಬಳಿಕ 2933ಕ್ಕೆ ಏರಿಸಿ ಮತ್ತೆ ಪರೀಕ್ಷಿಸಿದೆ. ಈಗಲೂ ಅಲ್ಲೇ ಇದೆ. ಬೇರೆ ಕೆಲಸಗಳಲ್ಲಿ ಇದು ಅಷ್ಟಾಗಿ ಗೊತ್ತಾಗದಿರುವುದಕ್ಕೆ ಕಾರಣ ಸರಳ: ಸಿಮ್ಯುಲೇಟರ್ ಹಲವು ಗಿಗಾಬೈಟ್ ನೆನಪನ್ನು ಗಂಟೆಗಟ್ಟಲೆ ಬಿಡುವಿಲ್ಲದೆ ಬಳಸುತ್ತದೆ, ಕೆಟ್ಟ ಜಾಗ ಅದಕ್ಕೆ ಸಿಕ್ಕೇ ಸಿಗುತ್ತದೆ.

ಇನ್ನು ಗ್ರಾಫಿಕ್ಸ್. ಇಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಎಕ್ಸ್-ಪ್ಲೇನ್ ತಾನೇ ತೋರಿಸುವ ಅಂಕಿಗಳನ್ನು. ಡೇಟಾ ಔಟ್‌ಪುಟ್ ಪುಟದಲ್ಲಿ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಚಿತ್ರ, ಮೂಡುತ್ತವೆ ಎಂಬ ಲೆಕ್ಕ) ಸಾಲನ್ನು ಕಾಕ್‌ಪಿಟ್‌ನಲ್ಲಿ ಕಾಣುವಂತೆ ಗುರುತು ಮಾಡಿದರೆ, ಒಂದು ಫ್ರೇಮ್‌ಗೆ ಪ್ರೊಸೆಸರ್ ಎಷ್ಟು ಹೊತ್ತು ತೆಗೆದುಕೊಂಡಿತು, ಗ್ರಾಫಿಕ್ಸ್ ಕಾರ್ಡ್ ಎಷ್ಟು ಹೊತ್ತು ತೆಗೆದುಕೊಂಡಿತು ಎಂಬುದು ಬೇರೆ ಬೇರೆಯಾಗಿ ಕಾಣುತ್ತದೆ. ಸೆಕೆಂಡಿಗೆ 30 ಫ್ರೇಮ್ ಬೇಕೆಂದರೆ ಒಂದೊಂದಕ್ಕೂ ಸಿಗುವುದು ಸುಮಾರು 33 ಮಿಲಿಸೆಕೆಂಡು. ಎರಡರಲ್ಲಿ ಯಾವುದು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೋ ಅದೇ ವೇಗವನ್ನು ನಿರ್ಧರಿಸುತ್ತದೆ. ಪ್ರೊಸೆಸರ್ 40 ಮಿಲಿಸೆಕೆಂಡು ತೆಗೆದುಕೊಳ್ಳುತ್ತಿರುವಾಗ ಮೋಡದ ಗುಣಮಟ್ಟ ಇಳಿಸಿದರೆ ಎಳ್ಳಷ್ಟೂ ಲಾಭವಿಲ್ಲ, ಮೋಡದ ಹೊರೆ ಬೀಳುವುದು ಕಾರ್ಡಿನ ಮೇಲೆ.

ಕಟ್ಟಡ, ಮರ, ರಸ್ತೆಯ ವಾಹನಗಳ ಸಂಖ್ಯೆ ಹೆಚ್ಚಾಗಿ ಪ್ರೊಸೆಸರ್ ಪಾಲು. ಜೊತೆಗೆ ಹಾರುವ ಕೃತಕ ವಿಮಾನಗಳೂ ಅದರದ್ದೇ, ಏಕೆಂದರೆ ಅವುಗಳ ಹಾರಾಟದ ಭೌತಶಾಸ್ತ್ರವನ್ನೂ ಎಕ್ಸ್-ಪ್ಲೇನ್ ಲೆಕ್ಕ ಹಾಕುತ್ತದೆ. ರೆಸಲ್ಯೂಶನ್, ಅಂಚು ನಯಗೊಳಿಸುವ ಆ್ಯಂಟಿ-ಏಲಿಯಾಸಿಂಗ್, ಮೋಡ ಇವು ಕಾರ್ಡಿನ ಪಾಲು. ನೆರಳಿನ ಭಾರ ಎರಡಕ್ಕೂ ಬೀಳುತ್ತದೆ. ಎಫ್‌ಎಸ್‌ಆರ್ ಎಂಬ ಸೆಟ್ಟಿಂಗ್ ಹಾಕಿದರೆ ಕಾರ್ಡಿಗೆ ಉಸಿರು ಬರುತ್ತದೆ, ಆದರೆ ಚಿತ್ರವನ್ನು ಚಿಕ್ಕದಾಗಿ ಬಿಡಿಸಿ ಹಿಗ್ಗಿಸುವುದರಿಂದ ಉಪಕರಣಗಳ ಸಣ್ಣ ಅಂಕಿಗಳು ಮಸುಕಾಗುತ್ತವೆ. ನನಗೆ ಹೊರಗಿನ ಬೆಟ್ಟಕ್ಕಿಂತ ಆ ಅಂಕಿಗಳು ಮುಖ್ಯ, ಹಾಗಾಗಿ ಅದನ್ನು ಹಾಕುವುದಿಲ್ಲ.

ಟೆಕ್ಸ್ಚರ್, ಅಂದರೆ ನೆಲ-ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರಗಳು, ಇವುಗಳ ಗುಣಮಟ್ಟದ ಲೆಕ್ಕವೇ ಬೇರೆ. ಅದು ಫ್ರೇಮ್ ಸಂಖ್ಯೆಯನ್ನು ಅಷ್ಟಾಗಿ ಮುಟ್ಟುವುದಿಲ್ಲ, ಕಾರ್ಡಿನೊಳಗಿನ ನೆನಪನ್ನು ತುಂಬಿಸುತ್ತದೆ. ನನ್ನ ಕಾರ್ಡಿನಲ್ಲಿರುವುದು 8 ಗಿಗಾಬೈಟ್. ಅದು ತುಂಬಿದಾಗ ಎಕ್ಸ್-ಪ್ಲೇನ್ ಟೆಕ್ಸ್ಚರ್‌ಗಳನ್ನು ತಾನಾಗಿ ತಗ್ಗಿಸುತ್ತದೆ, ರನ್‌ವೇ ಗುರುತುಗಳು ಕಲಸಿದಂತೆ ಕಾಣತೊಡಗುತ್ತವೆ. ಹಾಗೆ ಕಂಡಾಗ ಟೆಕ್ಸ್ಚರನ್ನು ಒಂದು ಮೆಟ್ಟಿಲು ಇಳಿಸಿದರೆ ಚಿತ್ರ ಮೊದಲಿಗಿಂತ ಸ್ಪಷ್ಟವಾಗುತ್ತದೆ. ಹೊಸಬರು ಇದನ್ನು ನಂಬುವುದೇ ಇಲ್ಲ.

ಇನ್ನೊಂದು ವಿಷಯ: ಸೆಕೆಂಡಿಗೆ 20 ಫ್ರೇಮ್‌ಗಿಂತ ಕೆಳಗಿಳಿದರೆ ಎಕ್ಸ್-ಪ್ಲೇನ್ ಸಮಯವನ್ನೇ ನಿಧಾನ ಮಾಡುತ್ತದೆ. ಇಳಿಯುವ ಅಭ್ಯಾಸ ಮಾಡುವವರಿಗೆ ಇದು ದೊಡ್ಡ ನಷ್ಟ, ಕೈಗೆ ತಪ್ಪು ವೇಗ ರೂಢಿಯಾಗುತ್ತದೆ.

ಪೂರ್ತಿ ಹೋಗದೆ ಉಳಿದಿರುವುದು ಒಂದೇ, ಕ್ಷಣಮಾತ್ರದ ತಡವರಿಕೆ. ಭೂದೃಶ್ಯ ಒಂದು ಡಿಗ್ರಿ ಚೌಕಗಳಾಗಿ ತೆರೆದುಕೊಳ್ಳುತ್ತದೆ. ಬೆಂಗಳೂರಿನಿಂದ ಮಂಗಳೂರಿಗೆ ಹಾರಿದರೆ 77, 76, 75ನೇ ರೇಖಾಂಶಗಳನ್ನು ದಾಟಬೇಕು, ದಾರಿಯಲ್ಲಿ ಹೊಸ ಚೌಕಗಳು ಬರುತ್ತಲೇ ಇರುತ್ತವೆ. ಸಿಮ್ಯುಲೇಟರನ್ನು ಹಳೆಯ ಹಾರ್ಡ್‌ಡಿಸ್ಕ್‌ನಿಂದ ಎಸ್‌ಎಸ್‌ಡಿಗೆ ಸರಿಸಿದ ಮೇಲೆ ಅದು ಸಾಕಷ್ಟು ಕಡಿಮೆಯಾಗಿದೆ. ಮಂಗಳೂರಿನ ಟೇಬಲ್‌ಟಾಪ್ ರನ್‌ವೇಗೆ ಇಳಿಯುವಾಗ ಮಾತ್ರ ಕಟ್ಟಡಗಳ ಸಂಖ್ಯೆಯನ್ನು ಮೊದಲೇ ಒಂದು ಮೆಟ್ಟಿಲು ಇಳಿಸಿಕೊಂಡು ಹೊರಡುತ್ತೇನೆ.